ಆಷಾಢದ ಗಾಳಿಗೊಂದು ಬಾಲ

ರೊಟ್ಟಿ ತಟ್ಟುತ್ತಿದ್ದ ಚಂದ್ರಕಲಾಳ ಕೈ ನಡುವೆಯೇ ನಿಂತಿತು. ಕಿಟಕಿಯ ಆಚೆ ಬೇವಿನ ಮರದ ಕೆಳಗೆ ಮಗಳ ಕಾರು ನಿಂತಿತ್ತು. ಕಾರಿನ ಬೆನ್ನಿಗೆ ತಾನೇ ಕಟ್ಟಿದ ಬಾಲವಿತ್ತು: ತನ್ನ ಎರಡೂ ತೋಳು ಚಾಚಿದಷ್ಟು ಉದ್ದ, ಹಿಂದಕ್ಕೆ ಹೋದಂತೆ ಎಲ್ಲ ಕಡೆಯಿಂದ ಸಣ್ಣದಾಗುವ ಬಿದಿರಿನ ಗೂಡು, ಮೇಲೆ ಬಿಗಿಯಾಗಿ ಹೊಲಿದ ಬಿಳಿ ಫ್ಲೆಕ್ಸಿನ ಹೊದಿಕೆ. ಗಾಳಿ ಬೀಸಿದಾಗ ಬೇವು ಪೂರ್ತಿ ಬಗ್ಗಿತು, ಹಗ್ಗದ ಮೇಲಿನ ಬಟ್ಟೆಗಳು ಅಡ್ಡಕ್ಕೆ ನಿಂತವು, ಬಾಲ ಮಾತ್ರ ಅಲುಗಲಿಲ್ಲ. ಅಲುಗದ್ದನ್ನೇ ಅವಳು ನೋಡುತ್ತ ನಿಂತಳು, ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಇವತ್ತು ಭಾನುವಾರ. ಇವತ್ತು ಈ ಕಾರು ಕಾರ್ಖಾನೆಯ ಪಕ್ಕದ ವಡ್ಡುವಿನವರೆಗೆ ಹೋಗಿ ಎದುರುಗಾಳಿಯಲ್ಲಿ ಹೊಸಪೇಟೆಗೆ ತಿರುಗಿ ಬರಬೇಕು. ದಾರಿಯಲ್ಲಿ ಬ್ಯಾಟರಿ ಸಾಯದೆ ಬಂದರೆ ಮಗಳು ಪಲ್ಲವಿ ಮನೆಯಿಂದಲೇ ಕಾರ್ಖಾನೆಗೆ ಹೋಗಿ ಬರುತ್ತಾಳೆ. ಸತ್ತರೆ ಸಂಜೆ ವಡ್ಡುವಿನ ಚೆನ್ನಬಸಮ್ಮನಿಗೆ ಫೋನು ಮಾಡಿ ಅವರ ಮಹಡಿಯ ಬಾಡಿಗೆ ರೂಮು ತನಗೇ ಇರಲಿ ಎನ್ನುತ್ತಾಳೆ. ಹೀಗೊಂದು ಪಂದ್ಯ ಕಟ್ಟಿದವಳು ಚಂದ್ರಕಲಾಳೇ. ಮಗಳು "ಹೂಂ ಅವ್ವಾ" ಎಂದಿದ್ದಳು, ಮೊಬೈಲಿನಿಂದ ಕಣ್ಣೆತ್ತದೆ.

ಶುರುವಾದದ್ದು ಧೂಳಿನಿಂದ. ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕ ಮೇಲೆ ಪಲ್ಲವಿ ಯಾರೋ ಓಡಿಸಿ ಬಿಟ್ಟ ಸಣ್ಣ ಬ್ಯಾಟರಿ ಕಾರನ್ನು ಕೊಂಡಿದ್ದಳು. ಸಂಜೆ ಅದು ಮನೆಗೆ ಬಂದಾಗ ಒರೆಸುವುದು ತನ್ನ ಕೆಲಸವೆಂದು ಯಾರೂ ಹೇಳದೆಯೇ ಚಂದ್ರಕಲಾ ಅಂದುಕೊಂಡಿದ್ದಳು. ಮುಂದಿನ ಗಾಜಿಗೆ ಸತ್ತ ಹುಳಗಳಷ್ಟೇ. ಪಕ್ಕದಲ್ಲಿ ತೆಳುವಾಗಿ ಅದಿರಿನ ಪುಡಿ. ಹಿಂದೆ ಮಾತ್ರ, ಯಾರೋ ಕೂತು ಬಳಿದ ಹಾಗೆ ದಪ್ಪ ಕೆಂಪು. ಮುಂದಕ್ಕೆ ಓಡುವ ಗಾಡಿಯ ಬೆನ್ನಿಗೆ ಧೂಳು ಹತ್ತುವುದು ಹೇಗೆ? ಬಿಟ್ಟು ಬಂದದ್ದು ಹಿಂದೆಯೇ ಉಳಿಯಬೇಕಲ್ಲ? ಗಂಡ ಮಾಲತೇಶನನ್ನು ಕೇಳಿದರೆ "ಧೂಳಂದ್ರ ಎಲ್ಲಾ ಕಡೆ ಹತ್ತತೈತಿ, ಅದಕ್ಕೇನು ಹಿಂದ ಮುಂದ ಗೊತ್ತೈತೇನು" ಎಂದು ನಕ್ಕಿದ್ದ. ಪಲ್ಲವಿ ಹೇಳಿದಳು: ಕಾರಿನ ಬೆನ್ನು ಗೋಡೆಯಂತೆ ಥಟ್ಟನೆ ಮುಗಿಯುತ್ತದೆ, ಮೇಲಿಂದ ಬಂದ ಗಾಳಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಿಂದೆಯೇ ಸುತ್ತುತ್ತದೆ, ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಆ ಸುತ್ತಿನಲ್ಲೇ ಧೂಳು ಬಂದು ಕೂಡುತ್ತದೆ. ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಒಬ್ಬ ಮನುಷ್ಯ ತನ್ನ ಹಳೆಯ ಕಾರಿಗೆ ರಟ್ಟು, ಟೇಪು ಸೇರಿಸಿ ಮೀನಿನಂಥ ಬಾಲ ಕಟ್ಟಿದ್ದ. ಕಾರು ಮೊದಲಿಗಿಂತ ದೂರ ಓಡುತ್ತಿತ್ತು. ಪಲ್ಲವಿಯ ಹೆಬ್ಬೆರಳು ಅದನ್ನು ಸರಿಸಿ ಮುಂದಿನದಕ್ಕೆ ಹೋಯಿತು. ಚಂದ್ರಕಲಾಳಿಗೆ ಮುಂದೆ ಹೋಗಲಾಗಲಿಲ್ಲ.

ಅದಾದ ಮೇಲೆ ಅವಳ ಕಣ್ಣಿಗೆ ಗಾಳಿಯೇ ಬೀಳತೊಡಗಿತು. ಪಾತ್ರೆ ತೊಳೆಯುವಾಗ ಸೌಟಿನ ಬೆನ್ನನ್ನು ನಲ್ಲಿಗೆ ಹಿಡಿದಳು. ನೀರು ಕೆಳಕ್ಕೆ ಬೀಳುವುದನ್ನು ಬಿಟ್ಟು ಸೌಟಿನ ಉಬ್ಬಿಗೆ ಅಂಟಿಕೊಂಡು ಅದರ ಜೊತೆ ತಿರುಗಿತು. ಸೌಟನ್ನು ಇನ್ನಷ್ಟು ಓರೆ ಮಾಡಿದಳು, ಒಂದು ಹಂತದಲ್ಲಿ ನೀರು ಬಿಟ್ಟುಕೊಟ್ಟು ಚಿಮ್ಮಿತು. ಹತ್ತಿಕೊಂಡಿರುವುದಕ್ಕೂ ಬಿಟ್ಟುಹೋಗುವುದಕ್ಕೂ ನಡುವೆ ಇದ್ದದ್ದು ಕೈಯ ಒಂದು ಸಣ್ಣ ಓರೆ. ಅವಳು ನಲ್ಲಿ ನಿಲ್ಲಿಸಲಿಲ್ಲ, ಬಕೆಟ್ಟು ತುಂಬಿ ಹರಿಯಿತು, ಅತ್ತೆ ಊರಮ್ಮ ಒಳಗಿನಿಂದ "ಯವ್ವಾ, ನೀರು ಬರೋದು ಎರಡು ದಿನಕ್ಕೊಮ್ಮಿ, ನೆನಪೈತೋ ಇಲ್ಲೋ" ಎಂದಳು. ಮೆತ್ತಗೆ ಸಣ್ಣದಾಗಬೇಕು. ಅವಸರ ಮಾಡಿದರೆ ಗಾಳಿ ಬಿಟ್ಟುಬಿಡುತ್ತದೆ. ಇದನ್ನು ಯಾರಿಗೆ ಹೇಳುವುದು? ಟ್ರ್ಯಾಕ್ಟರುಗಳಿಗೆ ಬಿಸಿಲು ಮಳೆ ತಡೆಯುವ ಹುಡ್ಡು, ಆಟೋಗಳಿಗೆ ರೆಕ್ಸಿನ್ ಹೊಲಿಯುವ ಹೆಂಗಸು ಅವಳು. ಗಾಳಿ ಎಂದರೆ ಹೊಲಿಗೆ ಹರಿಯುವ ಕೆಟ್ಟ ವಸ್ತು ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದವಳು.

ಆಷಾಢ ಬಂತು. ಬೆಳಿಗ್ಗೆ ಹೋಗುವಾಗ ಗಾಳಿ ಬೆನ್ನಿಗೆ, ಕಾರು ಹಗುರಾಗಿ ಹೋಗುತ್ತಿತ್ತು, ಸಂಜೆ ಎದೆಗೆ. ಒಂದು ಸಂಜೆ ಗಾದಿಗನೂರಿನ ಹತ್ತಿರ ಬ್ಯಾಟರಿ ಸತ್ತು, ಪಲ್ಲವಿಯನ್ನು ಒಂದು ಟ್ರ್ಯಾಕ್ಟರು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಓಣಿಯ ತನಕ. ಹೊರಗೆ ನಿಂತಿದ್ದವರೆಲ್ಲ ನೋಡಿದರು. ಪಲ್ಲವಿ ಸ್ಟಿಯರಿಂಗು ಹಿಡಿದು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು. ಊಟಕ್ಕೆ ಬಾ ಎಂದರೆ ತಲೆನೋವು ಎಂದಳು. ಮರುದಿನ ಕಾರ್ಖಾನೆಯ ಹತ್ತಿರವೇ ರೂಮು ಹಿಡಿಯುವ ಮಾತು ತೆಗೆದಳು. ರೂಮು ಎಂಬ ಶಬ್ದ ಕಿವಿಗೆ ಬಿದ್ದಾಗ ಚಂದ್ರಕಲಾಳಿಗೆ ನೆನಪಾದದ್ದು ಅವಳ ತೊಟ್ಟಿಲು. ಮಷೀನಿನ ಪಕ್ಕ ತೊಟ್ಟಿಲು ಕಟ್ಟಿ, ಅದರ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು, ತುಳಿದಾಗಲೆಲ್ಲ ಮಗು ತೂಗುವ ಹಾಗೆ ಮಾಡಿಕೊಂಡಿದ್ದಳು. ಹೊಲಿಗೆ ನಿಂತರೆ ಮಗು ಏಳುತ್ತಿತ್ತು. ನಿಲ್ಲಿಸುವ ಹಾಗೆಯೇ ಇರಲಿಲ್ಲ. ಮಗಳು ಊಟದ ತಟ್ಟೆ ತೊಳೆದಿಟ್ಟು ಮಲಗಲು ಹೋದಳು. ಆ ವಾರವೇ ಚಂದ್ರಕಲಾ ಕಂಪ್ಲಿಯ ಬುಟ್ಟಿ ಹೆಣೆಯುವವರ ಹತ್ತಿರ ಬಿದಿರು ಸೀಳಿಸಿ ತರಿಸಿದಳು.

ಹೊದಿಕೆಗೆ ಬೇಕಾದ ಫ್ಲೆಕ್ಸನ್ನು ಪಕ್ಕದ ಪಂಕ್ಚರ್ ಅಂಗಡಿಯ ಮೂಕಣ್ಣ ಕೊಟ್ಟಿದ್ದ. ಹೆಸರು ಮೂಕಣ್ಣ, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಯಾರದೋ ಹುಟ್ಟುಹಬ್ಬದ ಬ್ಯಾನರು ಅದು. ಅವಳು ಬಿಳಿಯ ಬೆನ್ನನ್ನು ಹೊರಗೆ ಮಾಡಿ ಹೊಲಿದಿದ್ದಳು, ಆದರೆ ಬಿಸಿಲು ಬಿದ್ದಾಗ ಒಳಗಿಂದ ಒಂದು ದೊಡ್ಡ ಮೀಸೆ, ಒಂದು ಕಣ್ಣು, ಮುಗಿದ ಎರಡು ಕೈ ಮಬ್ಬಾಗಿ ಕಾಣುತ್ತಿದ್ದವು. "ಅಕ್ಕಾರ, ಹರಿಗೋಲು ಕಟ್ಟಿ ಕಾರಿಗೆ ಸಿಗಿಸೀರಿ. ಹಂಪಿಗೆ ಹೋಗಿ ಹೊಳಿಗೆ ಇಳಿಸಿಬಿಡ್ರಿ, ಟೂರಿಸ್ಟ್‌ನವರು ಸಾಲು ಹಚ್ಚತಾರ" ಎಂದು ಅವನು ಬಂದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ನಕ್ಕ ಮೇಲೆ ಮಷೀನಿನ ಹತ್ತಿರ ಕೂತರೆ ಕಿವಿ ಬಿಸಿಯಾಗಿರುತ್ತಿತ್ತು. ಮಗಳಿಗೂ ನಾಚಿಕೆಯಾಗುತ್ತಿರಬಹುದೆ? ಇದನ್ನು ಕಟ್ಟಿಕೊಂಡು ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುವವಳು ಅವಳಲ್ಲವೆ? ಆದರೆ ದೀಪಗಳನ್ನೂ ನಂಬರ್ ಪ್ಲೇಟನ್ನೂ ಬಾಲದ ತುದಿಗೆ ತಂದು ಕೂಡಿಸಿಕೊಟ್ಟವಳು ಪಲ್ಲವಿಯೇ. ವೈರು ಎಳೆಯುವಾಗ ಬಾಲದೊಳಗೆ ತೆವಳಿ ಹೋಗಿ, ಮೀಸೆಯ ಮನುಷ್ಯನನ್ನು ಒಳಗಿಂದ ನೋಡಿ, ಹೊಟ್ಟೆ ಹಿಡಿದು ನಕ್ಕಿದ್ದಳು. ಆ ನಗುವನ್ನು ಚಂದ್ರಕಲಾ ಎಷ್ಟು ಸಲ ನೆನೆದುಕೊಂಡಿದ್ದಳೋ.

ಹೊರಡುವ ಹೊತ್ತಿಗೆ ಊರಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಹಿಂದಿನ ದಿನ ಚಂದ್ರಕಲಾ ಜಡೆಯ ಕುಚ್ಚು ಬಿಚ್ಚಿ, ಕಪ್ಪು ಉಣ್ಣೆಯ ಗೇಣುದ್ದದ ಎಳೆಗಳನ್ನು ಬಾಲದ ಮೈಗೆಲ್ಲ ಸಾಲುಸಾಲಾಗಿ ಟೇಪು ಹಚ್ಚಿ ಅಂಟಿಸಿದ್ದಳು. ಇದೂ ವಿಡಿಯೋದಲ್ಲಿ ಕಂಡದ್ದೇ. ಗಾಳಿ ಮೈಗೆ ಹತ್ತಿ ಹರಿದರೆ ಎಳೆಗಳು ಹಿಂದಕ್ಕೆ ನೆಟ್ಟಗೆ ಮಲಗುತ್ತವೆ. ಬಿಟ್ಟುಹೋದರೆ ಅಲ್ಲಿ ತಲೆ ಎತ್ತಿ ಕುಣಿಯುತ್ತವೆ. ಕಾರು ಓಡಿಸುವವಳು ಪಲ್ಲವಿ. ಮಾಲತೇಶ ಬೈಕಿನಲ್ಲಿ ಹಿಂಬಾಲಿಸಬೇಕು, ಚಂದ್ರಕಲಾ ಅವನ ಹಿಂದೆ ಕೂತು ಎಳೆಗಳನ್ನು ನೋಡಬೇಕು. "ನಲವತ್ತೈದು ದಾಟಿದಾಕಿ ಗಾಡಿ ಹಿಂದ ಕುಂತು ದಾರ ನೋಡಾಕ ಹೊಂಟಾಳ" ಎಂದು ಮಾಲತೇಶ ಗೊಣಗಿದ. ಬೈಕನ್ನು ಮಾತ್ರ ಬೆಳಿಗ್ಗೆಯೇ ತೊಳೆದಿಟ್ಟಿದ್ದ. ನಿಂಬೆಹಣ್ಣುಗಳು ಚಿಟ್ಟೆಂದವು. ಕಾರು ಸದ್ದಿಲ್ಲದೆ ಓಣಿ ದಾಟಿತು, ಮೂಕಣ್ಣ ಎರಡೂ ಕೈ ಎತ್ತಿ ತೇರು ಬಿಟ್ಟವನಂತೆ ಕೂಗಿದ.

ಹೆದ್ದಾರಿಗೆ ಬಂದ ಮೇಲೆ ಚಂದ್ರಕಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಭುಜದ ಮೇಲಿಂದ ಕತ್ತು ಚಾಚಿದಳು. ಬಾಲ ಮುಂದೆ ಹೋಗುತ್ತಿತ್ತು, ತಾನು ಕಟ್ಟಿದ್ದು ತನ್ನನ್ನು ಬಿಟ್ಟು ಓಡುವುದನ್ನು ನೋಡುವುದರಲ್ಲಿ ಒಂದು ಹೆದರಿಕೆಯಿತ್ತು, ಹೆದರಿಕೆಗಿಂತ ಹೆಚ್ಚಿನ ಇನ್ನೊಂದಿತ್ತು. "ಹತ್ರ ಹೋಗ್ರಿ, ಇನ್ನೂ ಹತ್ರ." ಮಾಲತೇಶ ಹತ್ತಿರ ಹೋದ. ಎಳೆಗಳು ಮಲಗಿರಲಿಲ್ಲ. ಕುಣಿಯುತ್ತಲೂ ಇರಲಿಲ್ಲ. ಒಂದೂ ಅಲುಗುತ್ತಿರಲಿಲ್ಲ, ಬರೆದು ಬಿಟ್ಟ ಗೆರೆಗಳ ಹಾಗೆ ಅಡ್ಡಡ್ಡ ಬಿದ್ದಿದ್ದವು. ಗಾಳಿಯೇ ಇಲ್ಲವೆ? ಅವಳ ಕಣ್ಣಲ್ಲಿ ನೀರು ಬರಿಸುತ್ತಿರುವ ಇಷ್ಟೊಂದು ಗಾಳಿ ಬಾಲದ ಹತ್ತಿರ ಬಂದು ಎಲ್ಲಿ ಹೋಗುತ್ತಿದೆ? ಬಲಗಡೆ ಸಂಡೂರಿನ ಬೆಟ್ಟಗಳು ಜೊತೆಗೇ ಬರುತ್ತಿದ್ದವು, ಅದಿರಿನ ಲಾರಿಗಳು ದಾಟಿಹೋದಾಗ ಬೈಕು ಹೊಯ್ದಾಡುತ್ತಿತ್ತು, ಎಳೆಗಳು ಮಾತ್ರ ಸತ್ತು ಬಿದ್ದಿದ್ದವು. ಹೊಲಿಯುವ ಹೆಂಗಸು ಹೊಲಿಯುತ್ತ ಇರಬೇಕಿತ್ತು. ಸೌಟಿನ ನೀರು ನೋಡಿ ಇಷ್ಟೆಲ್ಲ ಮಾಡಿದೆನಲ್ಲ ಎಂದುಕೊಂಡಳು. ಮಾಲತೇಶ ಕೂಗಿ ಕೇಳಿದ, "ಏನಂತಾವ ನಿನ್ನ ದಾರ?"

ವಡ್ಡುವಿನ ಹತ್ತಿರ ಚಹಾದಂಗಡಿಯ ಮುಂದೆ ಪಲ್ಲವಿ ಕಾರು ನಿಲ್ಲಿಸಿದಳು. ಚಹಾ ಕುಡಿಯುತ್ತಿದ್ದವರು ಗ್ಲಾಸು ಹಿಡಿದುಕೊಂಡೇ ಎದ್ದು ಬಂದರು. "ಇದೇನ್ರಿ, ಆಂಬುಲೆನ್ಸೇನು?" ಎಂದ ಒಬ್ಬ. ಚಂದ್ರಕಲಾ ಬಾಲದ ಹತ್ತಿರ ಹೋಗಿ ಒಂದು ಎಳೆಯನ್ನು ಮುಟ್ಟಿದಳು. ಮುಟ್ಟಿದ ಬೆರಳು ಅಲ್ಲೇ ನಿಂತಿತು. ಪಕ್ಕದ ಎಳೆಯನ್ನು ನೋಡಿದಳು, ಅದರ ಪಕ್ಕದ್ದನ್ನು ನೋಡಿದಳು. ಪ್ರತಿಯೊಂದರ ತುದಿಯನ್ನೂ ಪಕ್ಕದ ಎಳೆಗೆ ಸೇರಿಸಿ ಬಿಗಿಯಾಗಿ ಗಂಟು ಹಾಕಲಾಗಿತ್ತು. ಗಂಟಿನ ಮೇಲೆ ಸಣ್ಣಗೆ ಕುಂಕುಮ.

ಮಾಲತೇಶ ಮನೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಅವ್ವಾ, ಕಾರಿನ ದಾರಕ್ಕ ನೀ ಗಂಟು ಹಾಕಿಯೇನು?"

"ಹಾಕದ ಏನ್ ಮಾಡ್ಲಿ? ನಿನ್ನ ಹೆಂಡತಿಗೆ ಅಷ್ಟೂ ತಿಳಿಯಂಗಿಲ್ಲ. ದೃಷ್ಟಿ ದಾರ ಅಂಟಿಸ್ಯಾಳ, ಗಂಟು ಹಾಕಿಲ್ಲ. ಗಂಟಿಲ್ಲದ ದಾರಕ್ಕ ದೃಷ್ಟಿ ನಿಲ್ಲತೈತೇನು? ಬೆಳಗಾಮುಂಚೆ ಎದ್ದು ಎಲ್ಲಾ ಕಟ್ಟೀನಿ, ಬೆರಳು ಇನ್ನೂ ನೋಯಾಕತ್ತಾವ."

"ಅತ್ತೀ, ಅದು ದೃಷ್ಟಿ ದಾರ ಅಲ್ಲರಿ, ಗಾಳಿ ನೋಡೋ ದಾರ" ಎಂದಳು ಚಂದ್ರಕಲಾ. ಬರುತ್ತಿದ್ದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಗಾಳಿ ನೋಡೋದಾ? ಗಾಳಿಯೇನು ನೋಡಂಗ ಇರತೈತೇನ? ಅಷ್ಟಿದ್ರ ಬಿಚ್ಚಿಕೋ. ಆದ್ರ ಒಂದು ಗಂಟಾದ್ರೂ ಇರ್ಲಿ ಯವ್ವಾ, ಮಗಳು ಓಡಸಾಕತ್ತಾಳ."

ಪಲ್ಲವಿ ರಸ್ತೆಯ ಬದಿಗೆ ಕುಕ್ಕರುಗಾಲಲ್ಲಿ ಕೂತು ನಗತೊಡಗಿದಳು. ಚಂದ್ರಕಲಾಳ ನಗು ತಡವಾಗಿ ಬಂತು, ಬಂದದ್ದು ನಿಲ್ಲಲಿಲ್ಲ. ಎಳೆಗಳು ಸತ್ತಿರಲಿಲ್ಲ. ಕಟ್ಟಿಹಾಕಿಸಿಕೊಂಡಿದ್ದವು ಅಷ್ಟೆ! ಮೂವರೂ ಗಂಟು ಬಿಚ್ಚಲು ನಿಂತರು, ಆಂಬುಲೆನ್ಸ್ ಎಂದವನೂ ಗ್ಲಾಸು ಕೆಳಗಿಟ್ಟು ಬಂದ. ಉಣ್ಣೆಯ ಗಂಟು ಸುಲಭಕ್ಕೆ ಬಿಚ್ಚುವುದಿಲ್ಲ, ಉಗುರು ಬೇಕು, ತಾಳ್ಮೆ ಬೇಕು. ಮಗಳ ಬೆರಳುಗಳು ಅವಳ ಬೆರಳ ಪಕ್ಕದಲ್ಲೇ ಆಡುತ್ತಿದ್ದವು. ನಂಬರ್ ಪ್ಲೇಟಿನ ಮೇಲಿನ ಒಂದು ಗಂಟನ್ನು ಪಲ್ಲವಿ ಅಜ್ಜಿಗಾಗಿ ಹಾಗೆಯೇ ಬಿಟ್ಟಳು.

ಈಗ ಎದುರುಗಾಳಿ. ಹೊರಟು ಸ್ವಲ್ಪ ಹೊತ್ತಿಗೆ ಚಂದ್ರಕಲಾ ಗಂಡನ ಬೆನ್ನಿಗೆ ಗುದ್ದಿದಳು. "ನೋಡ್ರಿ! ನೋಡ್ರಿ ಅಲ್ಲಿ!" ಎಳೆಗಳು ಮಲಗಿದ್ದವು. ಬಾಚಿದ ಕೂದಲಿನ ಹಾಗೆ, ಒಂದೇ ದಿಕ್ಕಿಗೆ, ಬಾಲದ ಉದ್ದಕ್ಕೂ, ಮೈಗೆ ಅಂಟಿ, ತುದಿಯಲ್ಲಿ ಸಣ್ಣಗೆ ನಡುಗುತ್ತ. ಕಣ್ಣಿಗೆ ಕಾಣದ್ದು ಅಲ್ಲಿ ಕಾಣುತ್ತಿತ್ತು. ಇಷ್ಟು ದಿನ ಬರೀ ತಲೆಯೊಳಗೆ ಹರಿಯುತ್ತಿದ್ದ ಗಾಳಿ ಈಗ ಹೊರಗೆ, ಹಗಲಿನಲ್ಲಿ, ಅವಳ ಹೊಲಿಗೆಯ ಗುಂಟ ಹರಿಯುತ್ತಿತ್ತು. ಬಾಯಿ ತೆರೆದರೆ ಗಾಳಿ ಒಳಗೆ ನುಗ್ಗುತ್ತಿತ್ತು, ಅವಳು ತೆರೆದೇ ಕೂತಳು. ಆಮೇಲೆ ಕಂಡಿತು: ಮೇಲೆ, ಎಡಗಡೆಯ ಮೂಲೆಯಲ್ಲಿ, ಒಂದು ಹಿಡಿ ಎಳೆಗಳು ತಲೆ ಎತ್ತಿ ಹುಚ್ಚು ಹಿಡಿದಂತೆ ಸುತ್ತುತ್ತಿದ್ದವು, ಕೆಲವು ಮುಂದಕ್ಕೇ ಬಾಗಿದ್ದವು. "ಹಾರ್ನ್ ಹೊಡೀರಿ. ನಿಲ್ಲಸ್ರಿ."

"ಬ್ಯಾಟರಿ ಐತಿ, ಹೋಗ್ಲಿ ಬಿಡ" ಎಂದ ಮಾಲತೇಶ.

"ಅಲ್ಲಿ ಬಿಟ್ಟೈತ್ರಿ ಗಾಳಿ! ನಿಲ್ಲಸ್ರಿ ಅಂದ್ರ!"

ಕಾರು ನಿಂತ ಮೇಲೆ ಹತ್ತಿರ ಹೋಗಿ ಅಂಗೈ ಆಡಿಸಿದಾಗ ಗೊತ್ತಾಯಿತು. ಕಾರಿನ ಚಾವಣಿ ಮುಗಿದು ಬಾಲ ಶುರುವಾಗುವಲ್ಲಿ ಹೊದಿಕೆ ನೆರಿಗೆಗಟ್ಟಿತ್ತು. ಟ್ರ್ಯಾಕ್ಟರಿನ ಹುಡ್ಡಿಗೆ ಮೂಲೆಯಲ್ಲಿ ಸಡಿಲ ಬಿಡಬೇಕು, ಇಲ್ಲದಿದ್ದರೆ ಮಳೆನೀರಿನ ಭಾರಕ್ಕೆ ಹೊಲಿಗೆ ಹರಿಯುತ್ತದೆ. ಕೈ ರೂಢಿಯಂತೆ ಇಲ್ಲಿಯೂ ಸಡಿಲ ಬಿಟ್ಟಿತ್ತು. ಅವಳು ಚೀಲದಿಂದ ಬಾಗಿದ ಸೂಜಿ ತೆಗೆದಳು. ಪಲ್ಲವಿ ಫ್ಲೆಕ್ಸನ್ನು ಎರಡೂ ಕೈಯಿಂದ ಎಳೆದು ಹಿಡಿದಳು, ಮಾಲತೇಶ ಲಾರಿಗಳ ಕಡೆ ಕೆಂಪು ಟವೆಲು ಬೀಸುತ್ತ ನಿಂತ. ಒಂದೊಂದು ಲಾರಿ ದಾಟಿದಾಗಲೂ ಗಾಳಿ ಮೈಮೇಲೆ ಬಿದ್ದು ಹೋಗುತ್ತಿತ್ತು. ಚಂದ್ರಕಲಾಳ ಜೀವಮಾನದಲ್ಲಿ ಯಾವ ಹೊಲಿಗೆಯೂ ಇಷ್ಟು ಬೇಗ, ಇಷ್ಟು ಸರಿಯಾಗಿ ಬಿದ್ದಿರಲಿಲ್ಲ. "ಎಷ್ಟ್ ಜಲ್ದಿ ಅವ್ವಾ!" ಎಂದಳು ಮಗಳು ಕಿವಿಯ ಹತ್ತಿರ. "ಬಾ, ಇನ್ನ ನೀ ಒಳಗ ಕುಂದ್ರು. ಅಪ್ಪ ನೋಡ್ತಾನ. ಎಳಿ ಮಲಗಿದ್ರ ಹಾರ್ನ್ ಹೊಡಿ ಅಪ್ಪಾ."

ಹಿಂದಿನಿಂದ ಹಾರ್ನು ಬಂತು. ಉದ್ದಕ್ಕೆ, ಮದುವೆಯ ದಿಬ್ಬಣದವರು ಹೊಡೆಯುವ ಹಾಗೆ ಮತ್ತೆ ಮತ್ತೆ ಬಂತು. ಮೀಟರಿನಲ್ಲಿ ಉಳಿದ ಚಾರ್ಜು ತೋರಿಸುವ ಹಸಿರು ಗೀಟುಗಳನ್ನು ಇಬ್ಬರೂ ನೋಡುತ್ತ ಕೂತರು. ಯಾವ ಗೀಟು ಎಲ್ಲಿ ಆರುತ್ತದೆಂದು ಪಲ್ಲವಿಗೆ ಬಾಯಿಪಾಠವಾಗಿತ್ತು; ಆ ಸೇತುವೆ ದಾಟಿತು, ಗೀಟು ಆರಲಿಲ್ಲ; ಆ ಧಾಬಾ ದಾಟಿತು, ಆರಲಿಲ್ಲ. "ಅವ್ವಾ, ಇದು ಖರೇನೇನು? ಅವ್ವಾ!" ಗಾದಿಗನೂರು ಬಂತು. ಸತ್ತು ನಿಂತಿದ್ದ ಜಾಗ ಕಾರಿನ ಕೆಳಗೆ ಸರಿದುಹೋದಾಗ ಪಲ್ಲವಿ ಕಿಟಕಿ ಇಳಿಸಿ ಹೊರಗೆ ಕೂಗು ಹಾಕಿದಳು, ಚಂದ್ರಕಲಾಳೂ ತನ್ನ ಕಡೆಯ ಕಿಟಕಿ ಇಳಿಸಿ ಕೂಗಿದಳು. ಮದುವೆಯಾದ ಮೇಲೆ ಹೀಗೆ ಕೂಗಿದ್ದಿಲ್ಲ. ಅದಕ್ಕೂ ಮುಂಚೆ ಕೂಗಿದ್ದಳೆ? ನೆನಪಾಗಲಿಲ್ಲ. ಕಾರು ಮನೆ ಮುಟ್ಟುತ್ತದೆ. ಮುಟ್ಟಿಯೂ ಬ್ಯಾಟರಿ ಉಳಿಯುತ್ತದೆ. ಗೆದ್ದೆ ಎಂದುಕೊಂಡಳು, ಗೆದ್ದೆ ಗೆದ್ದೆ ಎಂದು ಚಕ್ರದ ಜೊತೆ ಒಳಗೆ ಏನೋ ಸುತ್ತುತ್ತಿತ್ತು.

ಊರಿನ ಮೊದಲ ಮನೆಗಳು ಕಂಡಾಗ ಪಲ್ಲವಿ ವೇಗ ಇಳಿಸಿದಳು. ಕಿಟಕಿ ಏರಿಸಿದಳು. "ಚೆನ್ನಬಸಮ್ಮಾರಿಗೆ ರೂಮ್ ಬ್ಯಾಡ ಅಂತ ಹೇಳಿಬಿಡ್ತೀನಿ ಅವ್ವಾ" ಎಂದಳು. ಸಂತೋಷದಿಂದಲೇ ಎಂದಳು. ಆ ಸಂತೋಷ ಕಾರು ಎಳೆಸಿಕೊಂಡು ಬಂದ ದಿನ ಅವಳು ಸ್ಟಿಯರಿಂಗು ಹಿಡಿದಿದ್ದಷ್ಟೇ ನೆಟ್ಟಗಿತ್ತು. ಚಂದ್ರಕಲಾ ಮಗಳ ಮುಖ ನೋಡಿದಳು. ಈ ಮುಖವನ್ನು ತಾನು ಯಾಕೆ ಮುಂಚೆ ನೋಡಲಿಲ್ಲ? ಧೂಳು ನೋಡಿದೆ, ನೀರು ನೋಡಿದೆ, ದಾರ ನೋಡಿದೆ. ರೂಮು ಬೇಕೆನ್ನಲು ಈ ಹುಡುಗಿಯ ಕೈಯಲ್ಲಿ ಇದ್ದದ್ದು ಒಂದು ಗಾಳಿಯ ನೆಪ. ಅದನ್ನೂ ತಾನು ಕೂತು, ಅಳತೆ ಮಾಡಿ, ಹೊಲಿದು ಕಸಿದುಕೊಂಡಿದ್ದೇನೆ. ವಿಚಿತ್ರವೆಂದರೆ ಒಳಗಿನ ಕುಣಿತ ನಿಲ್ಲಲಿಲ್ಲ. ಗಾಳಿ ಮಲಗಿದ್ದನ್ನು ಕಂಡ ಕಣ್ಣು ಇನ್ನೂ ಅದನ್ನೇ ಕಾಣುತ್ತಿತ್ತು. ಇಷ್ಟೊಂದು ಖುಷಿ ಮಗಳು ಮನೆಯಲ್ಲೇ ಉಳಿಯುತ್ತಾಳೆಂಬುದಕ್ಕೆ ಮಾತ್ರವೇ? ಅಲ್ಲ. ಅಲ್ಲವೆಂಬುದು ಅವಳಿಗೆ ನಾಚಿಕೆಯಾಗುವಷ್ಟು ಸ್ಪಷ್ಟವಾಗಿತ್ತು.

"ಬದಿಗೆ ಹಾಕು ಸ್ವಲ್ಪ."

ಪಲ್ಲವಿ ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದಳು. ಭಾನುವಾರದ ಮಧ್ಯಾಹ್ನ, ಉದ್ದಕ್ಕೂ ಒಂದು ಎಮ್ಮೆಯೂ ಇರಲಿಲ್ಲ.

"ಖರೇ ಹೇಳು. ರೂಮ್ ಬೇಕಿತ್ತೇನು ನಿನಗ?"

"ಗೆದ್ದೀ ಅಲ್ಲ, ಬಿಡು ಅವ್ವಾ."

"ಪಲ್ಲೂ."

ಮಗಳು ಸ್ಟಿಯರಿಂಗಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ರೂಮಿನ ಗ್ವಾಡಿಗೆ ಯಾವ ಬಣ್ಣ ಹಚ್ಚಿಸ್ಲಿ ಅಂತ ಕೇಳಿದ್ರು ಚೆನ್ನಬಸಮ್ಮಾರು. ನನ್ನ ಕೇಳಿದ್ರು. ಏನ್ ಹೇಳ್ಬೇಕಂತ ಗೊತ್ತಾಗ್ಲಿಲ್ಲ ಅವ್ವಾ ನನಗ. ಎರಡು ದಿನ ಅದ ವಿಚಾರ ಮಾಡ್ದೆ. ಭಾಳ ಮಜಾ ಬಂತು." ನಕ್ಕಳು. ಕಣ್ಣು ತುಂಬಿತ್ತು. "ನಿಮ್ಮನ್ನ ಬಿಟ್ಟು ಹೋಗ್ಬೇಕಂತಲ್ಲ."

"ಗೊತ್ತಾತು. ಯಾವ ಬಣ್ಣ ಅಂದಿ?"

"ಇನ್ನೂ ಹೇಳಿಲ್ಲ."

"ಈಗ ಹೇಳು. ಫೋನ್ ಹಚ್ಚು. ಆಮ್ಯಾಲೆ ಇಳಿ ಕೆಳಗ, ಈ ಕಡೆ ಬಾ. ಆ ರೂಮಿನಿಂದ ಕಾರ್ಖಾನಿಗೆ ನಡಕೊಂಡು ಹೋಗಬಹುದಲ್ಲ ನೀನು? ಕಾರ್ ಇಲ್ಲಿರ್ಲಿ. ಬಾಲ ಇನ್ನೂ ಮೆತ್ತಗ ಸಣ್ಣ ಮಾಡ್ಬೇಕು, ತುದಿ ಭಾಳ ಜಲ್ದಿ ಮುಗಿದೈತಿ. ನಿನ್ನ ರಜಾ ದಿನ ಕಾಯ್ಕೊಂತ ಕುಂದ್ರಾಕ ಆಗಂಗಿಲ್ಲ ನನಗ. ಓಡ್ಸೋದು ಕಲಿಸು."

ಪಲ್ಲವಿ ಅವಳನ್ನೇ ನೋಡಿದಳು. ಹಿಂದೆ ಬೈಕು ಬಂದು ಗಕ್ಕನೆ ನಿಂತಿತು, ಮಾಲತೇಶ ಹೆಲ್ಮೆಟ್ಟಿನೊಳಗಿಂದಲೇ ಕೂಗಿದ, "ಏನಾತು? ಸತ್ತತೇನು?"

"ಇಲ್ಲರಿ!" ಎಂದು ಚಂದ್ರಕಲಾ ಬಾಗಿಲು ತೆರೆದು ಇಳಿದಳು. "ಭಾಳ ಉಳಿದೈತಿ."

ಸ್ಟಿಯರಿಂಗಿನ ಹಿಂದೆ ಕೂತ ಚಂದ್ರಕಲಾ ಸೀಟು ಮುಂದಕ್ಕೆ ಎಳೆದುಕೊಳ್ಳಬೇಕಾಯಿತು. ಪಕ್ಕದಲ್ಲಿ ಕೂತ ಪಲ್ಲವಿ ಫೋನಿನಲ್ಲಿ "ಹೂಂ ರೀ, ನಾನ ಬರ್ತೀನಿ, ತಿಳಿ ಹಳದಿ, ಬಾಗಲಕ್ಕಲ್ಲರಿ, ಗ್ವಾಡಿಗೆ" ಎನ್ನುತ್ತಲೇ ಇನ್ನೊಂದು ಕೈಯಿಂದ ತೋರಿಸಿದಳು: ಗೇರಿಲ್ಲ, ಕ್ಲಚ್ಚಿಲ್ಲ, ಬಲಗಾಲೊಂದೇ, ಇದು ಓಡಲು, ಇದು ನಿಲ್ಲಲು. ಚಂದ್ರಕಲಾ ಚಪ್ಪಲಿ ಬಿಟ್ಟು ಬರಿಗಾಲಿಟ್ಟಳು. ಕಾರು ಜಿಗಿಯಿತು, ಪಲ್ಲವಿ ಕಿರುಚಿದಳು, ಫೋನಿನೊಳಗೆ ಚೆನ್ನಬಸಮ್ಮ "ಏನಾತವ್ವಾ" ಎಂದಳು. ಎರಡನೆಯ ಸಲ ಜಿಗಿಯಲಿಲ್ಲ. ರಸ್ತೆ ತನ್ನಷ್ಟಕ್ಕೆ ಕಾರಿನ ಕೆಳಗೆ ಬರತೊಡಗಿತು. ಎದುರಿನಿಂದ ಆಷಾಢದ ಗಾಳಿ ಗಾಜಿಗೆ ಬಂದು ಬಡಿಯುತ್ತಿತ್ತು. ಅದು ಚಾವಣಿಯ ಮೇಲೇರಿ ಬೆನ್ನ ಹಿಂದೆ ಇಳಿಯುವುದು ಅವಳ ಸ್ವಂತ ಬೆನ್ನಿಗೇ ತಿಳಿಯುತ್ತಿತ್ತು. ಹಿಂದೆ ಮಾಲತೇಶ ಹಾರ್ನು ಹೊಡೆಯುತ್ತಿದ್ದ, ಎಳೆಗಳನ್ನು ನೋಡಿ ಹೊಡೆಯುತ್ತಿದ್ದನೋ ಹೆದರಿ ಹೊಡೆಯುತ್ತಿದ್ದನೋ.

"ಮೆಲ್ಲಕ ಅವ್ವಾ, ಮೆಲ್ಲಕ, ಮುಂದ ನಮ್ಮ ಓಣಿ, ಬಲಕ್ಕ ತಿರುಗಸ್ಬೇಕು, ಬಲಕ್ಕ, ಅವ್ವಾ! ಓಣಿ ದಾಟಿತು!"

"ದಾಟ್ಲಿ" ಎಂದಳು ಚಂದ್ರಕಲಾ, ಕಾಲನ್ನು ಇನ್ನಷ್ಟು ಒತ್ತುತ್ತ.